ಕೋಸಗಿಯ ಲ್ಯಾಪ್‌ಟಾಪಿನ ಕರಕರ ಸದ್ದು

ಯಂತ್ರವೊಂದು ಕರಕರ ಎಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಮಾಡುವ ಮೊದಲ ಚಿಕಿತ್ಸೆ ನೆತ್ತಿಗೆ ಒಂದು ಪೆಟ್ಟು. ರೇಡಿಯೋ ಕಾಲದಲ್ಲಿ ಈ ಚಿಕಿತ್ಸೆ ಎಷ್ಟೋ ಸಲ ಫಲವನ್ನೂ ಕೊಡುತ್ತಿತ್ತು. ಒಳಗೆ ಎಲ್ಲೋ ಸಡಿಲಾಗಿದ್ದ ತಂತಿ ಆ ಪೆಟ್ಟಿಗೆ ಸ್ವಸ್ಥಾನ ಸೇರಿ, ಪೆಟ್ಟಿಗೆ ಮತ್ತೆ ಸುಮ್ಮನೆ ವಾರ್ತೆ ಓದತೊಡಗುತ್ತಿತ್ತು. ಪೆಟ್ಟು ಕೊಟ್ಟ ಯಜಮಾನರು ಆ ದಿನವೆಲ್ಲ ತಾವೂ ಒಬ್ಬ ಇಂಜಿನಿಯರು ಎಂಬ ಗತ್ತಿನಲ್ಲಿ ಇರುತ್ತಿದ್ದರು.

ಈಗ ಆ ಸ್ಥಾನಕ್ಕೆ ಲ್ಯಾಪ್‌ಟಾಪ್ ಬಂದಿದೆ. ಅದಕ್ಕೆ ಪೆಟ್ಟು ಕೊಡುವಂತಿಲ್ಲ. ಆದರೆ ಕರಕರ ಸದ್ದು ಮಾತ್ರ ಬಿಟ್ಟು ಹೋಗಿಲ್ಲ. ಹಾಡು ಕೇಳುವಾಗ ಮಂಡಕ್ಕಿ ಹುರಿದಂತೆ ಚಟಪಟ, ಮಕ್ಕಳ ಪಾಠ ಕೇಳುವಾಗ ಮಾತು ತುಂಡು ತುಂಡು, ಏನೂ ಇಲ್ಲದಿರುವಾಗಲೂ ಒಂದು ಗುಂಯ್ ಎಂಬ ನಾದ. ಇದಕ್ಕೆ ಏನು ಮಾಡಬೇಕು? ಈ ಪ್ರಶ್ನೆಗೆ ನನಗೆ ಸರಿಯಾದ ಪಾಠವಾದದ್ದು ನಮ್ಮ ಕಾಸರಗೋಡಿನಲ್ಲಿ ಅಲ್ಲ, ದೂರದ ಕರ್ನೂಲು ಜಿಲ್ಲೆಯ ಕೋಸಗಿಯಲ್ಲಿ.

ಇನ್ನೊಂದು ಗಡಿಯ ಊರು

ಮಂತ್ರಾಲಯಕ್ಕೆ ರೈಲಿನಲ್ಲಿ ಹೋದ ನಮ್ಮವರಿಗೆ ಕೋಸಗಿಯ ಹೆಸರು ಕಣ್ಣಿಗೆ ಬಿದ್ದಿರಲೇಬೇಕು. ಗುಂತಕಲ್ಲಿನಿಂದ ರಾಯಚೂರಿನತ್ತ ಸಾಗುವಾಗ ಆದವಾನಿ ದಾಟಿದ ಮೇಲೆ, ಮಂತ್ರಾಲಯಂ ರೋಡ್ ನಿಲ್ದಾಣಕ್ಕೆ ಮುಂಚೆ ಈ ಊರು ಬರುತ್ತದೆ. 1871ರಲ್ಲಿ ಮದರಾಸಿನ ರೈಲೂ ಬೊಂಬಾಯಿಯ ರೈಲೂ ರಾಯಚೂರಿನಲ್ಲಿ ಕೂಡಿದುವಲ್ಲ, ಅದೇ ಹಳೆಯ ಹಾದಿ. ಹೊರಗೆ ನೋಡಿದರೆ ಬಂಡೆಯ ಗುಡ್ಡಗಳು, ಹತ್ತಿಯ ಹೊಲಗಳು, ಚಪ್ಪಟೆ ಮಾಳಿಗೆಯ ಮನೆಗಳು. ನಮ್ಮ ತೆಂಗು, ಕಂಗು, ಹಂಚಿನ ಮಾಡುಗಳಿಗೂ ಅದಕ್ಕೂ ಏನೇನೂ ಹೋಲಿಕೆಯಿಲ್ಲ.

ಆದರೆ ಕಥೆಯಲ್ಲಿ ಹೋಲಿಕೆಯಿದೆ. ಆದವಾನಿ ತಾಲೂಕು ಹಿಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದುವು. ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಸೇರಿತು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಅಂದಿನಿಂದ ಅವರ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು. ನಮ್ಮ ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮಲಯಾಳ. ಇಂಥ ಮನೆಗಳಲ್ಲಿ ಕನ್ನಡದ ದನಿ ಎಂದರೆ ಬರೀ ಮನೋರಂಜನೆಯ ಸಾಮಗ್ರಿಯಲ್ಲ. ನಮ್ಮಲ್ಲಿ 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ಎಷ್ಟು ಮನೆಗಳಲ್ಲಿ ಹಬ್ಬವಾಗಿತ್ತೆಂಬುದು ಹಿರಿಯರಿಗೆ ಗೊತ್ತು. ಅವರಿಗೆ ಧಾರವಾಡ ಮತ್ತು ಕಲಬುರಗಿ ನಿಲಯಗಳೇ ಆಧಾರವಾಗಿದ್ದುವು. ಮೋಡ ಕವಿದರೆ, ನೆರೆಮನೆಯ ಮೋಟರು ತಿರುಗಿದರೆ, ಆ ಕನ್ನಡದ ಮೇಲೆ ಕರಕರ ಸುರಿಯುತ್ತಿತ್ತು. ಆಗಿನ ಕರಕರ ಬಹುಪಾಲು ಹೊರಗಿನಿಂದ ಬರುತ್ತಿದ್ದದ್ದು: ಸಿಡಿಲು, ಮೋಟರು, ದೂರ. ಈಗಿನ ಕರಕರ ಬಹುಪಾಲು ಯಂತ್ರದ ಒಳಗಿನದು, ಇಲ್ಲವೇ ನಾವೇ ಮಾಡಿಕೊಂಡದ್ದು. ಆದ್ದರಿಂದಲೇ ಅದಕ್ಕೆ ಮದ್ದೂ ಇದೆ.

ಮೇಷ್ಟ್ರ ದೂರು

ಕೋಸಗಿಯಲ್ಲಿ ನನಗೊಬ್ಬ ಹಳೆಯ ಸ್ನೇಹಿತರಿದ್ದಾರೆ. ನಿವೃತ್ತ ಅಧ್ಯಾಪಕರು. ಗಡಿನಾಡಿನ ಕನ್ನಡಿಗರು ಸೇರಿದ್ದ ಸಭೆಯೊಂದರಲ್ಲಿ ಪರಿಚಯವಾದ ಮೇಲೆ ಕಾಗದ ಬರೆದುಕೊಂಡು, ಈಚೆಗೆ ಫೋನು ಮಾಡಿಕೊಂಡು ಸಂಬಂಧ ಉಳಿಸಿಕೊಂಡು ಬಂದಿದ್ದೇವೆ. ಮಂತ್ರಾಲಯಕ್ಕೆಂದು ಹೊರಟವನು ಒಂದು ದಿನ ಮೊದಲೇ ಕೋಸಗಿಯಲ್ಲಿ ಇಳಿದೆ.

ಕೈಕಾಲು ತೊಳೆದು, ರೊಟ್ಟಿ ತಿಂದು ಕುಳಿತದ್ದೇ ತಡ, ಮೇಷ್ಟ್ರು ಒಂದು ಬಿಸ್ಕತ್ತಿನ ಡಬ್ಬ ತಂದು ಮುಂದಿಟ್ಟರು. ಒಳಗೆ ನಾಲ್ಕು ಕ್ಯಾಸೆಟ್. ಅವರ ತಾಯಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು 1986ರಲ್ಲಿ ಅವರೇ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟದ್ದು. ತಾಯಿ ತೀರಿಕೊಂಡು ಬಹಳ ವರ್ಷಗಳಾದುವು. ಆ ಪದಗಳನ್ನು ಬಲ್ಲವರು ಆ ಓಣಿಯಲ್ಲಿ ಈಗ ಒಬ್ಬರೂ ಇಲ್ಲ. ಮೊಮ್ಮಗಳು ಓದುವುದು ಇಂಗ್ಲಿಷಿನಲ್ಲಿ, ಗೆಳತಿಯರೊಡನೆ ತೆಲುಗು, ತಾತನೊಡನೆ ಮಾತ್ರ ಕನ್ನಡ. ಅವಳಿಗಾಗಿ ಈ ಪದಗಳನ್ನು ಲ್ಯಾಪ್‌ಟಾಪಿಗೆ ಇಳಿಸಬೇಕೆಂದು ಮೇಷ್ಟ್ರು ಎರಡು ತಿಂಗಳಿಂದ ಒದ್ದಾಡಿದ್ದರು.

"ಟೇಪು ಸತ್ತೋಗೈತ್ರೀ," ಎಂದರು ಮೇಷ್ಟ್ರು. "ಇಳಿಸಿ ಕೇಳಿದ್ರ ನಮ್ಮವ್ವನ ದನಿಗಿಂತ ಕರಕರನೇ ಜಾಸ್ತಿ. ಇನ್ನ ಇವನ್ನ ಇಟ್ಕೊಂಡು ಏನ್ ಮಾಡೋದು, ಗುಜರಿಗೆ ಹಾಕಿಬಿಡೋಣ ಅಂತಾನೆ ನನ್ನ ಮಗ."

ನಾನು ಯಂತ್ರಪಂಡಿತನೇನೂ ಅಲ್ಲ. ಆದರೆ ವೈದ್ಯರು ಎಲ್ಲಿ ನೋವೆಂದು ಕೇಳದೆ ಮದ್ದು ಕೊಡುವುದಿಲ್ಲ ಎಂಬಷ್ಟು ಗೊತ್ತಿತ್ತು. "ಮೇಷ್ಟ್ರೇ, ಸತ್ತಿರುವುದು ಟೇಪೋ ಲ್ಯಾಪ್‌ಟಾಪೋ, ಮೊದಲು ಅದನ್ನು ನೋಡೋಣ" ಎಂದೆ.

ರೋಗ ಎಲ್ಲಿದೆ?

ಮೊದಲು ಕ್ಯಾಸೆಟ್ಟನ್ನು ಹಳೆಯ ಟೇಪ್ ರೆಕಾರ್ಡರಿಗೇ ಹಾಕಿ ಕೇಳಿದೆವು. ಮಳೆ ದೂರದಲ್ಲಿ ಸುರಿದಂತೆ ಸಣ್ಣದೊಂದು ಸುಂಯ್ ಎಂಬ ಸದ್ದು ಬಿಟ್ಟರೆ ದನಿ ಸ್ವಚ್ಛವಾಗಿತ್ತು. ಆ ಸುಂಯ್ ಟೇಪಿನ ಹುಟ್ಟುಗುಣ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಕಣಗಳಿಂದ ಬರುವಂಥದು. ಅಂತೂ ಟೇಪು ಸತ್ತಿರಲಿಲ್ಲ.

ಎರಡನೆಯದಾಗಿ, ಲ್ಯಾಪ್‌ಟಾಪಿನಲ್ಲಿ ಬೇರೆ ಏನಾದರೂ ಹಾಕಿ ನೋಡಿದೆವು. ಮೇಷ್ಟ್ರ ಬಳಿ ವಿಜಯದಾಸರ ಕೃತಿಗಳ ಒಂದು ಧ್ವನಿಮುದ್ರಣವಿತ್ತು. ದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ಈಗ ಇದೇ ಕರ್ನೂಲು ಜಿಲ್ಲೆಗೆ ಸೇರಿದೆ. ಅದೂ ಎಡಗಡೆಯ ಸ್ಪೀಕರಿನಲ್ಲಿ ಬಿರಿದ ಮಡಕೆಯಂತೆ ಕೇಳಿಸಿತು. ಹೆಡ್‌ಫೋನ್ ಸಿಕ್ಕಿಸಿದಾಗ ಅದೇ ಹಾಡು ನಿರ್ಮಲ! ಎಂದರೆ ಮೊದಲ ರೋಗ ಎಡಗಡೆಯ ಸ್ಪೀಕರಿನದು. ಲ್ಯಾಪ್‌ಟಾಪಿನ ಸ್ಪೀಕರ್ ಎಂದರೆ ಬೆರಳಗಲದ ವಸ್ತು. ಒಳಗಿನ ತೆಳುವಾದ ಪೊರೆಯೊಂದು ಅಯಸ್ಕಾಂತದ ಮುಂದೆ ಅದುರಿ ಸದ್ದು ಮಾಡುತ್ತದೆ. ಆ ಪೊರೆಗೆ ಧೂಳು, ಕಬ್ಬಿಣದ ಹುಡಿ ಅಂಟಿದರೆ ಅಥವಾ ಬಹುಕಾಲ ಗಟ್ಟಿಯಾಗಿ ಹಾಕಿ ಅದರ ಅಂಚು ಹರಿದರೆ ಕರಕರ ಖಂಡಿತ. ಮೆತ್ತನೆಯ ಕುಂಚದಿಂದ ಜಾಲರಿಯ ಧೂಳನ್ನು ತೆಗೆದು ನೋಡಬಹುದು. ಬಾಯಿಯಿಂದ ಊದಬಾರದು, ಎಂಜಲಿನ ತೇವ ಒಳಗೆ ಸೇರುತ್ತದೆ. ಪೊರೆ ಹರಿದಿದ್ದರೆ ಸ್ಪೀಕರ್ ಬದಲಾಯಿಸದೆ ಗತಿಯಿಲ್ಲ. ಇಲ್ಲವೇ ಹೊರಗಿನಿಂದ ಬೇರೆ ಸ್ಪೀಕರ್ ಜೋಡಿಸಿಕೊಂಡರಾಯಿತು.

ಮೂರನೆಯದಾಗಿ, ಮೇಷ್ಟ್ರು ಇಳಿಸಿದ್ದ ತಾಯಿಯ ಪದವನ್ನೇ ಹೆಡ್‌ಫೋನಿನಲ್ಲಿ ಕೇಳಿದೆವು. ಇಲ್ಲಿ ಹೆಡ್‌ಫೋನ್ ಇದ್ದರೂ ಕರಕರ ಹೋಗಲಿಲ್ಲ. ಟೇಪು ಚೆನ್ನಾಗಿದೆ, ಕೇಳುವ ಕಡೆಯೂ ಚೆನ್ನಾಗಿದೆ. ಹಾಗಾದರೆ ತಪ್ಪು ನಡೆದದ್ದು ಇಳಿಸುವಾಗ. ಇದು ಗಂಭೀರವಾದ ವಿಷಯ. ಸ್ಪೀಕರಿನ ಕರಕರ ಆ ಹೊತ್ತಿನದು, ನಾಳೆ ಸರಿಪಡಿಸಬಹುದು. ಮುದ್ರಣದೊಳಗೆ ಸೇರಿಕೊಂಡ ಕರಕರ ಕಲ್ಲಿನಲ್ಲಿ ಕೆತ್ತಿದಂತೆ, ಮತ್ತೆ ಹೊಸದಾಗಿ ಇಳಿಸುವುದೇ ದಾರಿ. ಟೇಪನ್ನು ಗುಜರಿಗೆ ಹಾಕಿದ್ದರೆ ಆ ದಾರಿಯೂ ಮುಚ್ಚಿಹೋಗುತ್ತಿತ್ತು.

ಚಪ್ಪಟೆಯಾದ ಮಾಡು

ಗಮನವಿಟ್ಟು ಕೇಳಿದಾಗ ಮುದ್ರಣದಲ್ಲಿ ಒಂದಲ್ಲ, ಮೂರು ಬಗೆಯ ಸದ್ದುಗಳಿದ್ದುವು. ತಾಯಿ ದನಿ ಏರಿಸಿದಾಗಲೆಲ್ಲ ಒಡೆದ ಸದ್ದು. ಆಗಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ದನಿಯೇ ಮಾಯ. ಇವೆರಡರ ಅಡಿಯಲ್ಲಿ ಉದ್ದಕ್ಕೂ ಗುಂಯ್.

ಮೊದಲನೆಯದರ ಕಾರಣ ಬೇಗ ಸಿಕ್ಕಿತು. ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ. ಟೇಪ್ ರೆಕಾರ್ಡರಿನ ದನಿಯನ್ನು ಪೂರ್ತಿ ಏರಿಸಿ, ಇಯರ್‌ಫೋನಿನ ತೂತಿನಿಂದ ತಂತಿ ಎಳೆದು ಲ್ಯಾಪ್‌ಟಾಪಿನ ಮೈಕಿಗೆ ಕೊಟ್ಟಿದ್ದರು. ಮೈಕಿನ ದಾರಿ ಇರುವುದು ಪಿಸುಮಾತಿನಂಥ ಕ್ಷೀಣವಾದ ವಿದ್ಯುತ್ತಿಗೆ. ಅಲ್ಲಿ ಹೊಳೆಯನ್ನೇ ನುಗ್ಗಿಸಿದಂತಾಗಿತ್ತು. ಧ್ವನಿಯ ಅಲೆಯನ್ನು ಲ್ಯಾಪ್‌ಟಾಪಿನ ಪರದೆಯಲ್ಲಿ ಕಾಣಬಹುದು. ನಮ್ಮ ಹಂಚಿನ ಮನೆಯ ಮಾಡಿನಂತೆ ತುದಿ ಮೊನಚಾಗಿರಬೇಕಾದ ಅಲೆಗಳು ಕೋಸಗಿಯ ಮಾಳಿಗೆಗಳಂತೆ ಚಪ್ಪಟೆಯಾಗಿ ಕತ್ತರಿಸಿ ಹೋಗಿದ್ದುವು. ಕತ್ತರಿಸಿದ ತುದಿಯೇ ಕಿವಿಗೆ ಕರಕರವಾಗಿ ಕೇಳಿಸುತ್ತದೆ. ಮದ್ದು ಸುಲಭ: ಟೇಪ್ ರೆಕಾರ್ಡರಿನ ದನಿಯನ್ನು ಕಾಲುಭಾಗಕ್ಕೆ ಇಳಿಸುವುದು, ಲ್ಯಾಪ್‌ಟಾಪಿನಲ್ಲಿ ಮೈಕಿಗೆ ಕೊಟ್ಟಿರುವ ಹೆಚ್ಚಿನ ಬಲವನ್ನು ಸೊನ್ನೆಗೆ ತರುವುದು, ಅತಿ ಗಟ್ಟಿಯಾದ ಸ್ವರದಲ್ಲೂ ಅಲೆಯ ತುದಿ ಮೇಲಂಚಿಗೆ ಮುಟ್ಟದಂತೆ ನೋಡಿಕೊಳ್ಳುವುದು. ಕಡಿಮೆ ದನಿಯಲ್ಲಿ ಇಳಿಸಿದ್ದನ್ನು ಆಮೇಲೆ ಏರಿಸಬಹುದು. ಕತ್ತರಿಸಿ ಹೋದದ್ದು ತಿರುಗಿ ಬಾರದು.

ಇಲ್ಲೊಂದು ಸಣ್ಣ ಎಚ್ಚರಿಕೆ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೈಕಿಗೂ ಹೆಡ್‌ಫೋನಿಗೂ ಸೇರಿ ಒಂದೇ ತೂತು. ಅದಕ್ಕೆ ಮೂರು ಕಪ್ಪು ಗೆರೆಗಳಿರುವ ಪಿನ್ನು ಬೇಕು. ಎರಡು ಗೆರೆಯ ಹಳೆಯ ಪಿನ್ನನ್ನು ಹಾಗೆಯೇ ಸಿಕ್ಕಿಸಿದರೆ ಯಂತ್ರ ಅದನ್ನು ಬರಿಯ ಹೆಡ್‌ಫೋನೆಂದು ತಿಳಿಯುತ್ತದೆ. ಟೇಪಿನ ಬದಲು ಕೋಣೆಯ ಫ್ಯಾನಿನ ಸದ್ದು ಮುದ್ರಣವಾಗಲು ಇದೇ ಕಾರಣ. ಮೈಕನ್ನೂ ಹೆಡ್‌ಫೋನನ್ನೂ ಬೇರೆ ಮಾಡುವ ಕವಲು ತಂತಿ ಅಂಗಡಿಗಳಲ್ಲಿ ಸಿಗುತ್ತದೆ.

ದೋಸೆ ಎರೆಯುವ ಲೆಕ್ಕ

ಎರಡನೆಯದು, ದನಿ ನಡುನಡುವೆ ಮಾಯವಾಗುವುದು. ಇದನ್ನು ತಿಳಿಯಲು ಕಂಪ್ಯೂಟರು ಹೇಗೆ ಹಾಡುತ್ತದೆಂದು ಸ್ವಲ್ಪ ತಿಳಿಯಬೇಕು. ಅದಕ್ಕೆ ರಾಗ ತಿಳಿಯದು, ಲೆಕ್ಕ ಮಾತ್ರ ತಿಳಿಯುವುದು. ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕೆಗಳಾಗಿ ಬರೆದುಕೊಳ್ಳುತ್ತದೆ. ಹಾಡುವಾಗ ಆ ಅಂಕೆಗಳನ್ನು ಅದೇ ವೇಗದಲ್ಲಿ ಹೊರಗೆ ಕಳುಹಿಸುತ್ತದೆ.

ಬೆಳಗ್ಗೆ ಅತ್ತಿಗೆ ಒಲೆಯ ಮುಂದೆ ನೀರುದೋಸೆ ಎರೆಯುತ್ತಿದ್ದಾಳೆಂದು ಎಣಿಸಿ. ತಿನ್ನುವವನು ಒಂದೇ ವೇಗದಲ್ಲಿ ತಿನ್ನುತ್ತಾನೆ. ತಟ್ಟೆಯಲ್ಲಿ ಎರಡು ದೋಸೆ ಮುಂಗಡ ಇದ್ದರೆ ಅವನ ಕೈ ನಿಲ್ಲುವುದಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗುತ್ತಾರೆ, ಮಗು ಅಳುತ್ತದೆ, ಹಾಲು ಉಕ್ಕುತ್ತದೆ. ಅತ್ತಿಗೆ ಎದ್ದು ಹೋದ ಹೊತ್ತಿನಲ್ಲಿ ತಟ್ಟೆ ಬರಿದಾದರೆ ತಿನ್ನುವವನು ಕೈಕಟ್ಟಿ ಕೂರಬೇಕು. ಕಂಪ್ಯೂಟರಿನಲ್ಲೂ ಹೀಗೆಯೇ. ಅಂಕೆಗಳನ್ನು ಮುಂಗಡವಾಗಿ ತುಂಬಿಡುವ ಸಣ್ಣ ತಟ್ಟೆಯೊಂದಿದೆ. ಯಂತ್ರ ಬೇರೆ ಕೆಲಸಕ್ಕೆ ಎದ್ದುಹೋಗಿ, ತಟ್ಟೆ ಒಂದು ಕ್ಷಣ ಬರಿದಾದರೂ ನಮಗೆ ಟಕ್ಕೆಂದು ಕೇಳಿಸುತ್ತದೆ. ಅದು ಪದೇ ಪದೇ ಆದರೆ ಮಾತು ತುಂಡು ತುಂಡು. ಮುದ್ರಿಸುವಾಗ ಇದೇ ಲೆಕ್ಕ ತಿರುಗುಮುರುಗು: ತಟ್ಟೆ ತುಂಬಿ ಚೆಲ್ಲಿ, ಚೆಲ್ಲಿದಷ್ಟು ಹಾಡು ನಷ್ಟ.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಅತ್ತಿಗೆಗೆ ಕೆಲಸ ಒಂದೆರಡಲ್ಲ. ಮೊಮ್ಮಗಳು ತೆರೆದಿಟ್ಟ ಹತ್ತಾರು ಪುಟಗಳು, ವೈರಸ್ ಹುಡುಕುವ ಕಾವಲುಗಾರ, ಹಿಂದಿನಿಂದ ಸದ್ದಿಲ್ಲದೆ ಇಳಿಯುತ್ತಿದ್ದ ಹೊಸ ಆವೃತ್ತಿ. ಸಾಲದ್ದಕ್ಕೆ ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಿತ್ತು. ಬಿಸಿ ಏರಿದರೆ ಯಂತ್ರ ತನ್ನ ರಕ್ಷಣೆಗಾಗಿ ತಾನೇ ನಿಧಾನವಾಗುತ್ತದೆ. ಹಲಗೆಯ ಮೇಜಿಗೆ ವರ್ಗಾಯಿಸಿ, ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಿ, ಬೇಡದ್ದನ್ನೆಲ್ಲ ಮುಚ್ಚಿ, ವೈಫೈ ಮತ್ತು ಬ್ಲೂಟೂತ್ ನಿಲ್ಲಿಸಿದೆವು. ತುಂಡಾಗುವುದು ನಿಂತಿತು.

ಚಾರ್ಜರಿನ ಗುಂಯ್

ಮೂರನೆಯದು ಗುಂಯ್ ನಾದ. ಇದಕ್ಕೆ ಪರೀಕ್ಷೆ ಬಲು ಸುಲಭ: ಚಾರ್ಜರನ್ನು ಕಳಚಿ ನೋಡುವುದು. ಕಳಚಿದ ಕೂಡಲೇ ನಾದ ನಿಂತರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ. ಗೋಡೆಯ ಸಾಕೆಟ್ಟಿಗೆ ಸರಿಯಾದ ಅರ್ತಿಂಗ್ ಇಲ್ಲದಿರುವುದು, ಲ್ಯಾಪ್‌ಟಾಪ್ ಮತ್ತು ಟೇಪ್ ರೆಕಾರ್ಡರ್ ಎರಡೂ ಕರೆಂಟಿಗೆ ಜೋಡಿಸಿದ್ದು, ಅಗ್ಗದ ಚಾರ್ಜರು, ಇವೇ ಸಾಮಾನ್ಯ ಕಾರಣಗಳು. ನಾವು ಚಾರ್ಜರು ಕಳಚಿದೆವು, ಗುಂಯ್ ಹೋಯಿತು. ಆದರೆ ಎರಡೇ ನಿಮಿಷದಲ್ಲಿ ತುಂಡಾಗುವ ರೋಗ ಮರಳಿ ಬಂತು! ನನಗೂ ಒಂದು ಕ್ಷಣ ಬೆವರಿತು.

ಮೊಮ್ಮಗಳೇ ಅದನ್ನು ಪತ್ತೆಮಾಡಿದಳು. "ಅಂಕಲ್, ಚಾರ್ಜರ್ ತೆಗೆದ್ರೆ ಇದು ಬ್ಯಾಟರಿ ಉಳಿಸೋಕೆ ಸ್ಲೋ ಆಗುತ್ತೆ" ಎಂದಳು. ಹೌದು, ಕರೆಂಟು ಇಲ್ಲವೆಂದು ತಿಳಿದ ಯಂತ್ರ ಬ್ಯಾಟರಿ ಉಳಿಸಲು ವೇಗ ತಗ್ಗಿಸಿತ್ತು. ಬ್ಯಾಟರಿ ಪೂರ್ತಿ ತುಂಬಿಸಿ, ಉಳಿತಾಯದ ಏರ್ಪಾಟನ್ನು ಆ ಹೊತ್ತಿನ ಮಟ್ಟಿಗೆ ತೆಗೆದು ಹಾಕಿದ ಮೇಲೆ ಎರಡೂ ರೋಗ ಒಟ್ಟಿಗೆ ಹೋದುವು. ಒಂದು ಮದ್ದು ಇನ್ನೊಂದು ರೋಗ ತರುವುದು ಆಸ್ಪತ್ರೆಗೆ ಮಾತ್ರ ಮೀಸಲಲ್ಲ.

ಸರಿಪಡಿಸಬಾರದ ಸದ್ದು

ಇಷ್ಟೆಲ್ಲ ಆಗಿ ಮೊದಲ ಕ್ಯಾಸೆಟ್ಟನ್ನು ಹೊಸದಾಗಿ ಇಳಿಸಿದೆವು. ಕರಕರ ಇಲ್ಲ, ತುಂಡಿಲ್ಲ, ಗುಂಯ್ ಇಲ್ಲ. ಆದರೂ ಮೇಷ್ಟ್ರ ಮುಖ ಅರಳಲಿಲ್ಲ. "ದನಿ ಅವ್ವಂದೇ. ಆದ್ರ ಏನೋ ಕಮ್ಮಿ ಐತಿ" ಎಂದರು. ಪದದ ಕೊನೆಯ ಎಳೆತಗಳು ಅರ್ಧಕ್ಕೇ ಕತ್ತರಿಸಿದಂತೆ ನನಗೂ ತೋರಿತು.

ಮತ್ತೆ ಹುಡುಕಿದೆವು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಮೈಕಿನ ದನಿಯನ್ನು ತಾನಾಗಿಯೇ ತೊಳೆಯುವ ವ್ಯವಸ್ಥೆಯಿದೆ. ಫೋನಿನಲ್ಲಿ ಮಾತಾಡುವಾಗ ಫ್ಯಾನಿನ ಸದ್ದು, ಬೀದಿಯ ಸದ್ದು ಕೇಳದಿರಲೆಂದು ಇಟ್ಟದ್ದು. ಮಾತನ್ನು ಉಳಿಸು, ಒಂದೇ ಸಮನಾದ ಸದ್ದನ್ನು ಅಳಿಸು ಎಂಬುದು ಅದರ ನಿಯಮ. ಹಾಡಿನ ನೀಳವಾದ ಎಳೆತ ಅದಕ್ಕೆ ಕಸದಂತೆ ಕಂಡಿತ್ತು. ವಿಂಡೋಸಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂಬಲ್ಲಿಗೆ ಹೋಗಿ, ಮೈಕಿನ ಹೆಸರನ್ನು ಒತ್ತಿದರೆ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬ ಸಾಲು ಸಿಗುತ್ತದೆ. ಅದನ್ನು ಆಫ್ ಮಾಡಿ ಮೂರನೆಯ ಸಲ ಇಳಿಸಿದೆವು.

ಈಗ ದನಿಯ ಹಿಂದೆ ಗರಗರ ಎಂಬ ಇನ್ನೊಂದು ಸದ್ದು ಎದ್ದುಬಂತು. ಏರಿ ಇಳಿದು, ಒಂದೇ ಲಯದಲ್ಲಿ ಸುತ್ತುವ ಸದ್ದು. ಮೊಮ್ಮಗಳು ಬೇಸರದಿಂದ, "ತಾತ, ಇದನ್ನೂ ತೆಗೀಬೇಕಲ್ಲಾ?" ಎಂದು ಕೇಳಿದಳು.

ಮೇಷ್ಟ್ರು ಕೂಡಲೇ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಹಿತ್ತಿಲ ಬಾಗಿಲ ಬಳಿ ಗೋಡೆಗೊರಗಿಸಿದ್ದ ಬೀಸುವ ಕಲ್ಲನ್ನು ತೋರಿಸಿ, "ಅದು ಇದರ ಸದ್ದವ್ವಾ. ಇದು ತಿರುಗಿದಂಗ ಪದ ತಿರುಗ್ತಿತ್ತು. ಇದನ್ನ ತೆಗೆದ್ರ ಪದ ಎಲ್ಲಿ ನಿಲ್ಲಬೇಕು?" ಎಂದರು. ಹುಡುಗಿ ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡು ಆ ಪದವನ್ನು ಮೊದಲಿನಿಂದ ಕೇಳಿದಳು. ನಡುವೆ ಒಮ್ಮೆ ಹೆಡ್‌ಫೋನ್ ಸರಿಸಿ ಒಂದು ಶಬ್ದದ ಅರ್ಥ ಕೇಳಿದಳು. ತಾತ ಹೇಳಿದರು. ಅವಳು ಅದನ್ನು ತನ್ನ ಪುಸ್ತಕದಲ್ಲಿ ತೆಲುಗು ಲಿಪಿಯಲ್ಲಿ ಬರೆದುಕೊಂಡಳು. ಸಂಜೆಯೊಳಗೆ ಎರಡು ಕ್ಯಾಸೆಟ್ ಮುಗಿದುವು. ಮೂರನೆಯದರಲ್ಲಿ ಹಿಂದೆ ಟೇಪು ಸುತ್ತಿಕೊಂಡು ಕಸಕಸಿಯಾದ ಒಂದು ಭಾಗವಿತ್ತು. ಅದಕ್ಕೆ ಯಾವ ಮದ್ದೂ ಇಲ್ಲ; ಅಷ್ಟು ಪದ ಹೋದದ್ದು ಹೋಯಿತು.

ನಮ್ಮ ಮನೆಗಳಲ್ಲಿ ಮಾಡಬಹುದಾದ ಪರೀಕ್ಷೆ

ನಮ್ಮ ಜಿಲ್ಲೆಯ ಮನೆಗಳಲ್ಲಿ ಲ್ಯಾಪ್‌ಟಾಪಿನ ಸದ್ದಿನ ತಲೆನೋವು ಹೆಚ್ಚಾಗಿ ತಿಳಿದದ್ದು 2020ರಲ್ಲಿ, ಶಾಲೆ ಮುಚ್ಚಿ ಪಾಠವೆಲ್ಲ ಪರದೆಗೆ ಬಂದಾಗ. ಕನ್ನಡ ಮಾಧ್ಯಮದ ಮಕ್ಕಳು ತುಂಡಾದ ಮಾತಿನಲ್ಲೇ ಗಣಿತ ಕಲಿತರು. ಆಗ ಗೊತ್ತಿದ್ದರೆ ಉಪಯೋಗವಾಗುತ್ತಿತ್ತು ಎನ್ನಿಸುವ ಕೆಲವು ಪರೀಕ್ಷೆಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು.

1. ಹೆಡ್‌ಫೋನ್ ಹಾಕಿ ಕೇಳಿ. ಅದರಲ್ಲಿ ಸ್ವಚ್ಛವಾಗಿದ್ದರೆ ದೋಷ ಸ್ಪೀಕರಿನದು. ಹೆಡ್‌ಫೋನಿನ ಪಿನ್ನನ್ನು ತಿರುಗಿಸಿದಾಗ ಮಾತ್ರ ಕರಕರ ಬಂದರೆ ತಂತಿಯದೋ ತೂತಿನದೋ ದೋಷ. ನಮ್ಮ ಕರಾವಳಿಯ ತೇವಕ್ಕೆ ಪಿನ್ನು ಕಿಲುಬು ಹಿಡಿಯುವುದು ಬೇಗ. ಒಣಬಟ್ಟೆಯಿಂದ ಒರೆಸಿ ನೋಡಿ.

2. ಯಂತ್ರದಲ್ಲೇ ಉಳಿಸಿಟ್ಟ ಹಾಡು ಸರಿಯಾಗಿದ್ದು, ಇಂಟರ್‌ನೆಟ್ಟಿನಿಂದ ಬರುವುದು ಮಾತ್ರ ತುಂಡಾದರೆ ಲ್ಯಾಪ್‌ಟಾಪಿನ ತಪ್ಪಲ್ಲ. ಪಾಠವನ್ನು ಮೊದಲು ಇಳಿಸಿಕೊಂಡು ಆಮೇಲೆ ಕೇಳಿ. ಇಲ್ಲವೇ ವೈಫೈ ಪೆಟ್ಟಿಗೆಯ ಹತ್ತಿರ ಕೂತು ನೋಡಿ.

3. ಬ್ಲೂಟೂತ್ ಹೆಡ್‌ಫೋನಿನಲ್ಲಿ ಮಾತ್ರ ತೊಂದರೆಯೇ? ಬ್ಲೂಟೂತ್ ಮತ್ತು ಸಾಮಾನ್ಯ ವೈಫೈ ಎರಡೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಇಕ್ಕಟ್ಟಿನ ಓಣಿಯಲ್ಲಿ ಓಡಾಡುತ್ತವೆ. ವೈಫೈಯನ್ನು 5 ಗಿಗಾಹರ್ಟ್ಸಿಗೆ ಬದಲಿಸಿದರೆ ಸುಧಾರಿಸಬಹುದು. ಯು.ಎಸ್.ಬಿ. ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಇದ್ದರೆ ಅದೂ ಅಡ್ಡಿಮಾಡುತ್ತದೆ, ದೂರ ಸರಿಸಿ. ಸಭೆಯಲ್ಲಿ ಮೈಕ್ ಹೊತ್ತಿಸಿದ ಕೂಡಲೇ ದನಿ ಡಬ್ಬಿಯೊಳಗಿನಿಂದ ಬಂದಂತಾದರೆ ಅದು ಕೆಟ್ಟದ್ದಲ್ಲ. ಮಾತು ಕಳುಹಿಸಲು ಜಾಗ ಬಿಟ್ಟುಕೊಟ್ಟು ಕೇಳುವ ಗುಣಮಟ್ಟವನ್ನು ತಗ್ಗಿಸಿಕೊಂಡಿರುತ್ತದೆ.

4. ಚಾರ್ಜರು ಕಳಚಿ ಕೇಳಿ. ಬಳಿಕ ಯಂತ್ರವನ್ನು ಪೂರ್ತಿ ಆರಿಸಿ ಹೊತ್ತಿಸಿ, ಬೇಡದ ಪುಟಗಳನ್ನು ಮುಚ್ಚಿ ಕೇಳಿ.

5. ಇಷ್ಟಕ್ಕೂ ಹೋಗದಿದ್ದರೆ ಸೌಂಡ್ ಸೆಟ್ಟಿಂಗ್ಸಿನಲ್ಲಿ ಸ್ಪೀಕರಿನ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ, ಅಲ್ಲೇ ಇರುವ ಫಾರ್ಮ್ಯಾಟ್ ಎಂಬಲ್ಲಿ 16 ಬಿಟ್, 48,000 ಹರ್ಟ್ಸ್ ಆರಿಸಿ ನೋಡಿ.

6. ಕೊನೆಯದು ಡ್ರೈವರ್. ಧ್ವನಿಯ ಚಿಪ್ಪಿಗೂ ಕಂಪ್ಯೂಟರಿಗೂ ನಡುವೆ ಇರುವ ದುಭಾಷಿ ಇದು. ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ತೆಗೆದು ಯಂತ್ರವನ್ನು ಮರಳಿ ಹೊತ್ತಿಸಿದರೆ ಸಾಮಾನ್ಯವಾಗಿ ತಾನೇ ಮತ್ತೆ ಸೇರಿಕೊಳ್ಳುತ್ತದೆ. ಹೊಸದು ಬೇಕಿದ್ದರೆ ಲ್ಯಾಪ್‌ಟಾಪ್ ತಯಾರಿಸಿದವರ ತಾಣದಿಂದಲೇ ಪಡೆಯಿರಿ. ಸಿಕ್ಕ ಸಿಕ್ಕಲ್ಲಿ ಉಚಿತವೆಂದು ಇಳಿಸಿಕೊಂಡರೆ ಕರಕರ ಹೋಗಿ ಕಳ್ಳ ಬಂದಾನು.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕೈಟ್ ಒದಗಿಸಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಬದಲು ಉಬುಂಟು ಆಧಾರಿತ ವ್ಯವಸ್ಥೆಯಿರುತ್ತದೆ. ಅಲ್ಲಿ ಮೊದಲ ನಾಲ್ಕು ಪರೀಕ್ಷೆಗಳು ಹಾಗೆಯೇ ನಡೆಯುತ್ತವೆ. ಹಾಡು ಆರಂಭವಾಗುವಾಗ ಒಮ್ಮೆ ಟಪ್ಪೆಂದು ಸದ್ದಾಗುವುದು ನಿದ್ದೆಯಲ್ಲಿದ್ದ ಧ್ವನಿಯ ಚಿಪ್ಪು ಎಚ್ಚರಗೊಂಡ ಸದ್ದು, ಅದಕ್ಕೆ ಹೆದರಬೇಕಾಗಿಲ್ಲ. ದನಿಯ ಗುಂಡಿ ನೂರರ ಮೇಲೆ ಏರಿದೆಯೇ ನೋಡಿ. ನೂರು ದಾಟಿಸಿದರೆ ಕೋಸಗಿಯ ಮಾಳಿಗೆಯ ಕಥೆಯೇ ಮತ್ತೆ.

ಅಟ್ಟದ ಮೇಲಿನ ಡಬ್ಬ

ಕೊನೆಗೊಂದು ಮಾತು. ಕೋಸಗಿಯ ಮೇಷ್ಟ್ರ ಬಿಸ್ಕತ್ತಿನ ಡಬ್ಬದಂಥದು ನಮ್ಮ ಅಟ್ಟಗಳಲ್ಲೂ ಇದೆ. ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ತಾಳಮದ್ದಳೆಯನ್ನು ಯಾರೋ ಮುಂದಿನ ಸಾಲಿನಲ್ಲಿ ಕೂತು ಮುದ್ರಿಸಿದ್ದು, ಅಜ್ಜಿ ಹೇಳಿದ ಸೋಬಾನೆ, ಅಕ್ಕನ ಮದುವೆಯ ದಿನದ ಗದ್ದಲ. ಶೇಣಿಯವರು 2006ರಲ್ಲಿ ನಮ್ಮನ್ನಗಲಿದರು; ಆ ಅಜ್ಜಿಯಂದಿರೂ ಇಲ್ಲ. ಕ್ಯಾಸೆಟ್ಟುಗಳಿಗೆ ನಮ್ಮ ಮಳೆಗಾಲದ ಬೂಸರು ಹಿಡಿಯುತ್ತಿದೆ. ಪ್ರತಿ ಸಲ ತಿರುಗಿದಾಗಲೂ ಟೇಪು ಎಳ್ಳಷ್ಟು ಸವೆಯುತ್ತದೆ.

ಇಳಿಸುವ ಮುನ್ನ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಹಲ್ಲುಗಳನ್ನು ಮುರಿದುಬಿಡಿ, ತಪ್ಪಿ ಅದರ ಮೇಲೆ ಬೇರೇನೂ ಮುದ್ರಣವಾಗದು. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿ. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಮುದ್ರಣಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಮೂಲಪ್ರತಿಯನ್ನು ವೇವ್ ರೂಪದಲ್ಲಿ ಉಳಿಸಿ. ಒಂದು ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ಬೇಕಾದೀತು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಊರಿನ ನಂಟರ ಮನೆಯಲ್ಲಿರಲಿ. ಇಷ್ಟಾದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ಮರುದಿನ ಬೆಳಗ್ಗೆ ನಾನು ಮಂತ್ರಾಲಯದ ಕಡೆಗೆ ಹೊರಟಾಗ ಮೇಷ್ಟ್ರು ನಿಲ್ದಾಣದ ತನಕ ಬಂದರು. ಮೊಮ್ಮಗಳು ಮನೆಯಲ್ಲಿ ನಾಲ್ಕನೆಯ ಕ್ಯಾಸೆಟ್ಟಿನ ಎದುರು ಕೂತಿದ್ದಳು. ಅವಳಿಗೆ ಈಗ ದನಿ ಎಷ್ಟಿಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.